ಸನ್ನಿ ಲಿಸ್ಟನ್: ಬಗೆಹರಿಯದ ಟಿಪ್ಪಣಿಗಳು

ಎತ್ತರ 6 ಅಡಿ 1 ಇಂಚು. ಎರಡೂ ತೋಳು ಅಗಲಿಸಿ ನಿಂತರೆ ಒಂದು ಕೈಯ ಬೆರಳ ತುದಿಯಿಂದ ಇನ್ನೊಂದು ಕೈಯ ಬೆರಳ ತುದಿಗೆ 84 ಇಂಚು, ಅಂದರೆ ಬರೋಬ್ಬರಿ 7 ಅಡಿ. ಮುಷ್ಟಿಯ ಸುತ್ತಳತೆ 15 ಇಂಚು. ಮಾಮೂಲಿ ಗ್ಲೌಸು ಹಿಡಿಸದೆ ಅವನಿಗೆಂದೇ ಬೇರೆ ಹೊಲಿಸಬೇಕಾಗುತ್ತಿತ್ತು. ದೊಡ್ಡ ಪಂದ್ಯಕ್ಕೆ ಮುಂಚೆ ಪತ್ರಿಕೆಗಳು ಅವನ ಕತ್ತು, ಎದೆ, ತೊಡೆ, ಮೀನಖಂಡಗಳ ಅಳತೆಯನ್ನೆಲ್ಲ ಪಟ್ಟಿ ಮಾಡಿ ಅಚ್ಚು ಹಾಕುತ್ತಿದ್ದವು. ಹೀಗೆ ಇಂಚಿಂಚೂ ಅಳೆಸಿಕೊಂಡ ಸನ್ನಿ ಲಿಸ್ಟನ್‌ನ ವಯಸ್ಸೆಷ್ಟು ಎಂದು ಮಾತ್ರ ಯಾರಿಂದಲೂ ಖಚಿತವಾಗಿ ಹೇಳಲಾಗಲಿಲ್ಲ.

*

ಹುಟ್ಟಿದ್ದು ಅಮೆರಿಕದ ಅರ್ಕಾನ್ಸಾ ರಾಜ್ಯದ ಸ್ಯಾಂಡ್ ಸ್ಲೌ ಎಂಬಲ್ಲಿ. ಹತ್ತಿ ಹೊಲಗಳ ನಡುವಿನ ಬಡ ಜಾಗ. ಅಪ್ಪ ಟೋಬ್ ಲಿಸ್ಟನ್ ಬೇರೆಯವರ ಜಮೀನನ್ನು ಪಾಲಿಗೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ದೊಡ್ಡ ಭಾಗ ಒಡೆಯನಿಗೆ ಹೋಗುತ್ತಿತ್ತು, ಉಳಿದದ್ದು ಸಾಲಕ್ಕೆ. ಜನನ ಪತ್ರ ಇಲ್ಲ. ಬಾಕ್ಸಿಂಗ್ ಕಾಗದಪತ್ರಗಳಲ್ಲಿ 1932ರ ಮೇ 8 ಎಂದಿದೆ. ತಾಯಿ ಹೆಲೆನ್ ಹೇಳಿದ್ದು ಜನವರಿ ತಿಂಗಳು. 1940ರ ಜನಗಣತಿಯಲ್ಲಿ ಹುಡುಗನ ವಯಸ್ಸು 10 ಎಂದು ದಾಖಲಾಗಿದೆ. ಅದು ನಿಜವಾದರೆ ಚಾಂಪಿಯನ್ ಆದಾಗ ಅವನಿಗೆ 30 ಅಲ್ಲ, 32 ಮುಗಿದಿತ್ತು. ಮುಖ ನೋಡಿದವರು ಇನ್ನೂ ಹೆಚ್ಚು ಹೇಳುತ್ತಿದ್ದರು.

ನಮ್ಮ ಹಳ್ಳಿಗಳಲ್ಲೂ ಹಿಂದಿನ ತಲೆಮಾರಿನ ಎಷ್ಟೋ ಜನರ ಹುಟ್ಟಿದ ತಾರೀಕು ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು. ಜೂನ್ 1ಕ್ಕೆ ಹುಟ್ಟಿದ ಅಜ್ಜಂದಿರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ತಾರೀಕು ಸುಳ್ಳಾದರೂ ಅದರ ಹಿಂದೆ ಒಂದು ಶಾಲೆ, ಒಂದು ಹಾಜರಿ ಪುಸ್ತಕ, ಮಗುವನ್ನು ಕೈಹಿಡಿದು ಕರೆದುಕೊಂಡು ಹೋದ ಯಾರೋ ದೊಡ್ಡವರು ಇರುತ್ತಾರೆ. ಸ್ಯಾಂಡ್ ಸ್ಲೌನ ಈ ಹುಡುಗನಿಗೆ ಅಂಥ ಮೇಷ್ಟ್ರೂ ಸಿಗಲಿಲ್ಲ. ಅವನ ಹೆಸರು ಮೊದಲು ಅಚ್ಚುಕಟ್ಟಾಗಿ ಬರೆಯಲ್ಪಟ್ಟದ್ದು ಪೊಲೀಸ್ ಠಾಣೆಯ ಪುಸ್ತಕದಲ್ಲಿ.

*

ಅಪ್ಪನ ಎರಡು ಸಂಸಾರದ ಮಕ್ಕಳೂ ಸೇರಿ ಒಟ್ಟು 25, ಅವರಲ್ಲಿ ಇವನು 24ನೆಯವನು ಎಂಬುದು ವಾಡಿಕೆಯ ಲೆಕ್ಕ. ಅಪ್ಪ ತನಗೆ ಕೊಟ್ಟದ್ದು ಏಟು ಮಾತ್ರ ಎಂದು ಲಿಸ್ಟನ್ ಹೇಳುತ್ತಿದ್ದ. ಬಾರುಕೋಲಿನ ಬರೆಗಳು ಅವನು ಚಾಂಪಿಯನ್ ಆದಾಗಲೂ ಬೆನ್ನ ಮೇಲಿದ್ದವು.

1946ರ ಸುಮಾರಿಗೆ ತಾಯಿ ಗಂಡನನ್ನು ಬಿಟ್ಟು ಕೆಲಸ ಹುಡುಕಿಕೊಂಡು ಸೇಂಟ್ ಲೂಯಿಸ್ ನಗರಕ್ಕೆ ಹೋದಳು. ಹುಡುಗ ಹಿಂದೆ ಉಳಿದ. ಒಂದು ಬೆಳಿಗ್ಗೆ ಎದ್ದು ಭಾವನ ಪೆಕಾನ್ ಮರವನ್ನು ಬಡಿದು ಕಾಯಿ ಉದುರಿಸಿ, ಮಾರಿ, ಬಂದ ದುಡ್ಡಿನಲ್ಲಿ ಟಿಕೆಟ್ ಕೊಂಡು ತಾಯಿಯನ್ನು ಹುಡುಕಿಕೊಂಡು ಹೊರಟ. ವಿಳಾಸ ಇಲ್ಲ. ಪಟ್ಟಣವೂ ತನ್ನ ಹಳ್ಳಿಯ ಹಾಗೇ ಇರುತ್ತದೆ, ಅಮ್ಮನ ಹೆಸರು ಹೇಳಿದರೆ ಯಾರಾದರೂ ಮನೆ ತೋರಿಸುತ್ತಾರೆ ಎಂದುಕೊಂಡಿದ್ದನಂತೆ. ಮುಂದೆ ಇಡೀ ಅಮೆರಿಕ ಹೆದರಿದ್ದು ಈ ಹುಡುಗನಿಗೆ. ಅವನ ಬಗ್ಗೆ ಓದಿದಾಗಲೆಲ್ಲ ಈ ಒಂದು ಸಂಗತಿಯಲ್ಲಿ ನಾನು ನಿಂತುಬಿಡುತ್ತೇನೆ.

ತಾಯಿ ಸಿಕ್ಕಳು. ಶಾಲೆಗೆ ಹೋದ, ಅಷ್ಟು ದೊಡ್ಡ ಮೈಯವನು ಚಿಕ್ಕ ಮಕ್ಕಳ ಜೊತೆ ಕೂತು ಅಕ್ಷರ ಕಲಿಯುವುದನ್ನು ನೋಡಿ ಉಳಿದವರು ನಕ್ಕರು, ಬಿಟ್ಟ. ಆಮೇಲೆ ಸುಲಿಗೆ. ಹಳದಿ ಅಂಗಿ ಹಾಕಿಕೊಂಡೇ ದರೋಡೆಗೆ ಹೋಗುತ್ತಿದ್ದುದರಿಂದ ಪೊಲೀಸರು ಅವನನ್ನು ‘ಹಳದಿ ಅಂಗಿಯ ಕಳ್ಳ’ ಎಂದು ಕರೆದರು. 1950ರಲ್ಲಿ ಸಿಕ್ಕಿಬಿದ್ದ. ಐದು ವರ್ಷ ಶಿಕ್ಷೆ, ಜೆಫರ್ಸನ್ ಸಿಟಿಯ ಮಿಸೌರಿ ರಾಜ್ಯ ಕಾರಾಗೃಹದಲ್ಲಿ.

*

ಜೈಲಿನ ಬಗ್ಗೆ ಅವನು ದೂರಿದ್ದಿಲ್ಲ. ದಿನಕ್ಕೆ ಮೂರು ಹೊತ್ತು ಊಟ ಸಿಗುತ್ತಿತ್ತಲ್ಲ. ಅಲ್ಲಿನ ಪಾದ್ರಿ ಅಲೋಯಿಸ್ ಸ್ಟೀವನ್ಸ್ ಅವನ ಕೈಗೆ ಗ್ಲೌಸು ಹಾಕಿಸಿದರು. ಹುಡುಗನ ಕಸುವು ಎಷ್ಟೆಂದು ನೋಡಲು ಹೊರಗಿನಿಂದ ಥರ್ಮನ್ ವಿಲ್ಸನ್ ಎಂಬ ವೃತ್ತಿಪರ ಬಾಕ್ಸರನನ್ನು ಕರೆಸಿದರು. ಎರಡು ಸುತ್ತು ಆಗುವಷ್ಟರಲ್ಲಿ ವಿಲ್ಸನ್ ಸಾಕು ಎಂದು ರಿಂಗಿನಿಂದ ಹೊರಬಂದ. ಇನ್ನೂ ನಿಂತರೆ ಇವನು ನನ್ನನ್ನು ಕೊಂದೇಬಿಡುತ್ತಾನೆ ಎಂದನಂತೆ.

1952ರ ಅಕ್ಟೋಬರ್ 31ರಂದು ಪೆರೋಲ್ ಮೇಲೆ ಬಿಡುಗಡೆ. ಮಾರನೆಯ ವರ್ಷ ಶಿಕಾಗೊದ ಗೋಲ್ಡನ್ ಗ್ಲೌಸ್ ಪಂದ್ಯಾವಳಿಯಲ್ಲಿ, ಹಿಂದಿನ ವರ್ಷವಷ್ಟೇ ಒಲಿಂಪಿಕ್ ಚಿನ್ನ ಗೆದ್ದಿದ್ದ ಎಡ್ ಸ್ಯಾಂಡರ್ಸ್‌ನನ್ನು ಸೋಲಿಸಿದ. 1953ರ ಸೆಪ್ಟೆಂಬರ್ 2ರಂದು ಮೊದಲ ವೃತ್ತಿಪರ ಪಂದ್ಯ, 33 ಸೆಕೆಂಡಿನಲ್ಲಿ ಮುಗಿಯಿತು.

ಅವನ ಆಟದ ಮೂಲ ಎಡಗೈ ಜ್ಯಾಬ್. ಬಹುಪಾಲು ಬಾಕ್ಸರುಗಳಿಗೆ ಜ್ಯಾಬ್ ಎಂದರೆ ದೂರ ಅಳೆಯುವ, ಎದುರಾಳಿಯನ್ನು ತಡೆದು ನಿಲ್ಲಿಸುವ ಹಗುರ ಗುದ್ದು. ಮುಗಿಸುವ ಗುದ್ದು ಅದರ ಹಿಂದೆ ಬಲಗೈಯಿಂದ ಬರುತ್ತದೆ. ಲಿಸ್ಟನ್‌ಗೆ ಜ್ಯಾಬ್ ಒಂದರಿಂದಲೇ ಎದುರಾಳಿಯ ತಲೆ ಹಿಂದಕ್ಕೆ ವಾಲುತ್ತಿತ್ತು, ಹಲ್ಲು ಸಡಿಲುತ್ತಿತ್ತು. ಅಷ್ಟುದ್ದದ ತೋಳು, ಅದರ ತುದಿಗೆ ಅಷ್ಟು ದಪ್ಪದ ಮುಷ್ಟಿ. ಎಡ ಭುಜ ನೆಟ್ಟಗಿರುವ ತನಕ ಅವನನ್ನು ಸಮೀಪಿಸುವುದೇ ಕಷ್ಟವಾಗಿತ್ತು. ಇದನ್ನು ಬರೆದಿಟ್ಟುಕೊಳ್ಳುತ್ತೇನೆ, ಮುಂದೆ ಬೇಕು.

*

1954ರ ಸೆಪ್ಟೆಂಬರ್, ಡೆಟ್ರಾಯಿಟ್. ಎದುರಾಳಿ ಮಾರ್ಟಿ ಮಾರ್ಷಲ್, ರಿಂಗಿನಲ್ಲಿ ವಿಚಿತ್ರವಾಗಿ ಕುಣಿದಾಡುವ ಆಸಾಮಿ. ಅವನ ಚೇಷ್ಟೆ ನೋಡಿ ನಗು ಬಂದು ಬಾಯಿ ತೆರೆದಿದ್ದಾಗ ಗುದ್ದು ಬಿತ್ತು ಎಂದು ಲಿಸ್ಟನ್ ಆಮೇಲೆ ಹೇಳಿದ. ದವಡೆ ಮುರಿಯಿತು. ಮುರಿದ ದವಡೆಯಲ್ಲೇ ಎಂಟು ಸುತ್ತನ್ನೂ ಪೂರೈಸಿದ. ತೀರ್ಪುಗಾರರು ಒಡೆದ ತೀರ್ಪಿನಲ್ಲಿ ಮಾರ್ಷಲ್‌ನನ್ನು ಗೆಲ್ಲಿಸಿದರು. ವೃತ್ತಿಯ ಮೊದಲ ಸೋಲು. ಬಳಿಕ ಅದೇ ಮಾರ್ಷಲ್‌ನನ್ನು ಎರಡು ಬಾರಿ ಸೋಲಿಸಿದ.

1959ರಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಮೂಗು ಮುರಿದ. ರಕ್ತ ಸುರಿಯುತ್ತಿದ್ದರೂ ಲಿಸ್ಟನ್ ಹಿಂದೆ ಸರಿಯದೆ ಮೂರನೆಯ ಸುತ್ತಿಗೆ ಅವನನ್ನು ಮಲಗಿಸಿದ. ನೋವಿಗೆ ಹೆದರುವ ಮನುಷ್ಯ ಇವನಲ್ಲ.

*

ಅವನು ನಿರಪರಾಧಿ ಎಂದು ವಾದಿಸಲು ನಾನು ಕೂತಿಲ್ಲ. ದರೋಡೆಗೆ ಸಿಕ್ಕ ಜನರೂ ಬಡವರೇ. 1956ರಲ್ಲಿ ಒಬ್ಬ ಪೊಲೀಸನ ಜೊತೆ ಜಗಳವಾಡಿ ಅವನ ಕಾಲು ಮುರಿದು ಪಿಸ್ತೂಲು ಕಿತ್ತುಕೊಂಡ. ಒಂಬತ್ತು ತಿಂಗಳ ಶಿಕ್ಷೆಯಾಯಿತು. ಅಂದಿನಿಂದ ಸೇಂಟ್ ಲೂಯಿಸ್‌ನ ಪೊಲೀಸರು ಅವನನ್ನು ಕಂಡಲ್ಲೆಲ್ಲ ತಡೆದು ನಿಲ್ಲಿಸತೊಡಗಿದರು. ಊರು ಬಿಡದಿದ್ದರೆ ಯಾವುದಾದರೂ ಗಲ್ಲಿಯಲ್ಲಿ ಹೆಣವಾಗಿ ಸಿಗುತ್ತೀಯ ಎಂದು ಪೊಲೀಸ್ ಅಧಿಕಾರಿಯೊಬ್ಬ ಎಚ್ಚರಿಸಿದ ಎಂಬ ಪ್ರತೀತಿ ಇದೆ. ಫಿಲಡೆಲ್ಫಿಯಾಕ್ಕೆ ಹೋದ. ಅಲ್ಲೂ ಅದೇ ಪಾಡು.

ಇನ್ನೊಂದು ಕಡೆ ಮಾಫಿಯಾ. ಆ ಕಾಲದಲ್ಲಿ ದೊಡ್ಡ ಪಂದ್ಯಗಳ ದಾರಿ ಫ್ರ್ಯಾಂಕಿ ಕಾರ್ಬೊ, ಬ್ಲಿಂಕಿ ಪಲೆರ್ಮೊ ಎಂಬಿಬ್ಬರ ಕೈಯಲ್ಲಿತ್ತು. ಸೇಂಟ್ ಲೂಯಿಸ್‌ನಲ್ಲಿ ಜಾನ್ ವಿಟಾಲೆ. ಹೊಡೆದವನು, ಹೊಡೆಸಿಕೊಂಡವನು ಲಿಸ್ಟನ್. ಹಣದ ಲೆಕ್ಕ ಇಟ್ಟವರು ಬೇರೆಯವರು. 1960ರ ಡಿಸೆಂಬರಿನಲ್ಲಿ ಸೆನೆಟರ್ ಎಸ್ಟಿಸ್ ಕೀಫಾವರ್ ಅವರ ಸಮಿತಿ ಬಾಕ್ಸಿಂಗಿನಲ್ಲಿ ಪಾತಕಿಗಳ ಕೈವಾಡದ ವಿಚಾರಣೆ ನಡೆಸಿದಾಗ ಲಿಸ್ಟನ್ ಸಾಕ್ಷಿ ಹೇಳಲು ವಾಷಿಂಗ್ಟನ್ನಿಗೆ ಹೋದ. ಓದು ಬರಹ ಬಾರದವನು ಎಂದು ಅಲ್ಲಿ ಎಲ್ಲರೆದುರು ಒಪ್ಪಿಕೊಳ್ಳಬೇಕಾಯಿತು. ತನ್ನ ಹೆಸರು ಹಾಕಿದ ಯಾವ ಕರಾರು ಪತ್ರವನ್ನೂ ಅವನು ಓದಿರಲಾರ. ಅವನ ಬದುಕಿನ ಒಂದು ಸಾಲನ್ನೂ ಅವನೇ ಬರೆಯಲಿಲ್ಲ. ಪೊಲೀಸರು, ವರದಿಗಾರರು, ವಕೀಲರು, ಸೆನೆಟರುಗಳು ಬರೆದರು. ನನ್ನ ಈ ಟಿಪ್ಪಣಿಯೂ ಆ ರಾಶಿಗೇ ಸೇರುತ್ತದೆ ಎಂಬ ಅಳುಕು ನನಗಿದೆ.

*

1962ರ ಹೊತ್ತಿಗೆ ಸವಾಲು ಹಾಕಲು ಅರ್ಹರಾದವರನ್ನೆಲ್ಲ ಅವನು ಸೋಲಿಸಿ ಆಗಿತ್ತು. ಚಾಂಪಿಯನ್ ಫ್ಲಾಯ್ಡ್ ಪ್ಯಾಟರ್ಸನ್ ಮೃದು ಮಾತಿನವನು, ಸಂಕೋಚದವನು, ಎಲ್ಲರಿಗೂ ಬೇಕಾದವನು. ಕರಿಯರ ನಾಗರಿಕ ಹಕ್ಕುಗಳ ಹೋರಾಟ ಬಿರುಸಾಗಿದ್ದ ಕಾಲ. ಜೈಲಿನಿಂದ ಬಂದ, ಮಾಫಿಯಾ ನಂಟಿನ ಕರಿಯನೊಬ್ಬ ಹೆವಿವೇಟ್ ಪಟ್ಟಕ್ಕೇರಿದರೆ ಹೋರಾಟದ ಮುಖಕ್ಕೆ ಮಸಿ ಬೀಳುತ್ತದೆ ಎಂದು ಹೋರಾಟದ ಮುಂದಾಳುಗಳೇ ಆತಂಕಪಟ್ಟರು. ಲಿಸ್ಟನ್ ಜೊತೆಗಿನ ಪಂದ್ಯ ಬೇಡ ಎಂಬ ಇಂಗಿತ ಅಧ್ಯಕ್ಷ ಕೆನಡಿ ಅವರಿಂದಲೂ ಪ್ಯಾಟರ್ಸನ್‌ಗೆ ಬಂತು. ನ್ಯೂಯಾರ್ಕ್ ರಾಜ್ಯ ಲಿಸ್ಟನ್‌ಗೆ ಲೈಸೆನ್ಸ್ ಕೊಡಲಿಲ್ಲ. ಪ್ಯಾಟರ್ಸನ್ ಮಾತ್ರ, ಅರ್ಹನಿಗೆ ಅವಕಾಶ ಕೊಡದಿರುವುದು ತಪ್ಪು ಎಂದು ಒಪ್ಪಿಕೊಂಡ. ಆ ಸಜ್ಜನಿಕೆ ದೊಡ್ಡದು.

ಲೇಖಕ ಜೇಮ್ಸ್ ಬಾಲ್ಡ್ವಿನ್ ಪಂದ್ಯಕ್ಕೆ ಮುಂಚೆ ಇಬ್ಬರನ್ನೂ ಹೋಗಿ ಕಂಡು ಬರೆದರು. ಪಣ ಕಟ್ಟಿದ್ದು ಪ್ಯಾಟರ್ಸನ್ ಮೇಲೆ. ಆದರೆ ಲಿಸ್ಟನ್‌ನ ಎದುರು ಕೂತಾಗ ಅವರಿಗೆ ಕಂಡದ್ದು ಪತ್ರಿಕೆಗಳು ಚಿತ್ರಿಸಿದ ರಾಕ್ಷಸನಲ್ಲ, ಬಹಳ ನೊಂದ ಮನುಷ್ಯ. ಆ ಕಾಲದ ಅಷ್ಟೊಂದು ವರದಿಗಾರರಲ್ಲಿ ಹಾಗೆ ನೋಡಿದವರು ಎಷ್ಟು ಕಡಿಮೆ.

ಸೆಪ್ಟೆಂಬರ್ 25, ಶಿಕಾಗೊದ ಕಮಿಸ್ಕಿ ಪಾರ್ಕ್. ಮೊದಲ ಸುತ್ತು, 2 ನಿಮಿಷ 6 ಸೆಕೆಂಡ್. ಪ್ಯಾಟರ್ಸನ್ ನೆಲಕ್ಕೆ. ಸೋತರೆ ಯಾರಿಗೂ ಮುಖ ತೋರಿಸಬಾರದೆಂದು ಅವನು ಮೊದಲೇ ಕಟ್ಟುಗಡ್ಡ, ಮೀಸೆ ತಂದಿಟ್ಟುಕೊಂಡಿದ್ದ. ಅದನ್ನು ಅಂಟಿಸಿಕೊಂಡು ರಾತ್ರೋರಾತ್ರಿ ಕಾರಿನಲ್ಲಿ ಊರು ಬಿಟ್ಟ.

*

ಇನ್ನು ಗೆದ್ದವನ ಪ್ರಯಾಣ. ನನ್ನ ಮನಸ್ಸು ಅತಿ ಹೆಚ್ಚು ಹೊತ್ತು ನಿಂತಿರುವುದು ಇಲ್ಲಿ.

ಲಿಸ್ಟನ್ ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಹೊರಟ. ಪಕ್ಕದಲ್ಲಿ ಕೂತಿದ್ದವನು ಅದೇ ಊರಿನ ಪತ್ರಿಕೆಯ ಜಾಕ್ ಮೆಕಿನ್ನಿ, ಅವನನ್ನು ಸ್ನೇಹಿತನಂತೆ ಕಂಡ ಅಪರೂಪದ ವರದಿಗಾರ. ದಾರಿಯುದ್ದಕ್ಕೂ ಲಿಸ್ಟನ್ ಒಂದು ಭಾಷಣವನ್ನು ಬಾಯಿಪಾಠ ಮಾಡುತ್ತಿದ್ದ ಎಂದು ಮೆಕಿನ್ನಿ ಆಮೇಲೆ ಹೇಳಿದ. ಬರೆದುಕೊಳ್ಳಲು ಬಾರದವನು ಮನಸ್ಸಿನಲ್ಲೇ ಜೋಡಿಸುತ್ತಿದ್ದ: ಇನ್ನು ಮುಂದೆ ಒಳ್ಳೆಯ ಚಾಂಪಿಯನ್ ಆಗಿರುತ್ತೇನೆ, ಜೋ ಲೂಯಿಸ್ ಇದ್ದ ಹಾಗೆ ಇರುತ್ತೇನೆ, ನನ್ನ ಜನ ನನ್ನಿಂದ ತಲೆ ತಗ್ಗಿಸಬೇಕಾಗಿಲ್ಲ. ನಿಲ್ದಾಣದಲ್ಲಿ ಜನ ಸೇರಿರುತ್ತಾರೆ, ಮೇಯರ್ ಬಂದಿರುತ್ತಾರೆ ಎಂದು ನಂಬಿದ್ದ. ಹೆವಿವೇಟ್ ಚಾಂಪಿಯನ್ ಊರಿಗೆ ಮರಳುವಾಗ ಹಾಗಾಗುವುದು ರೂಢಿ ತಾನೆ.

ಬಾಗಿಲು ತೆರೆಯಿತು. ಲಿಸ್ಟನ್ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತ. ಕೆಲವು ವರದಿಗಾರರು, ಫೋಟೊದವರು, ವಿಮಾನ ನಿಲ್ದಾಣದ ಕೆಲಸಗಾರರು. ಅಷ್ಟೇ. ಮೆಕಿನ್ನಿ ಅವನ ಮುಖವನ್ನೇ ನೋಡುತ್ತಿದ್ದನಂತೆ. ಉಗುಳು ನುಂಗಿದ್ದು ಕಂಡಿತು, ಆಮೇಲೆ ಆ ಮುಖ ಮತ್ತೆ ಹಳೆಯ ಬಿಗಿಗೆ ಮರಳಿತು. ಅವನು ಬರುವ ಮುಂಚೆಯೇ ಊರಿನ ಪತ್ರಿಕೆಯೊಂದರ ಅಂಕಣ, ಇವನ ಮೆರವಣಿಗೆಗೆ ಚೂರುಚೂರು ಮಾಡಿದ ಬಂಧನದ ವಾರಂಟುಗಳನ್ನೇ ಎರಚಬಹುದು ಎಂದು ಬರೆದಿತ್ತು.

ಯಾರೂ ಏಕೆ ಹೋಗಲಿಲ್ಲ? ಅಧಿಕಾರಸ್ಥರು ಹೋಗದಿದ್ದುದಕ್ಕೆ ಕಾರಣ ಊಹಿಸಬಹುದು. ಹೋರಾಟದ ನಾಯಕರ ಕಷ್ಟವೂ ಅರ್ಥವಾಗುತ್ತದೆ; ಬಿಳಿಯರ ಪತ್ರಿಕೆಗಳು ಒಬ್ಬನ ತಪ್ಪನ್ನು ಲಕ್ಷಾಂತರ ಜನರ ಮೇಲೆ ಹೊರಿಸಲು ಕಾಯುತ್ತಿದ್ದ ಕಾಲ ಅದು. ನನಗೆ ತಿಳಿಯದಿರುವುದು ಉಳಿದವರ ವಿಷಯ. ಅವನು ಬೆಳೆದಂಥ ಬೀದಿಗಳಲ್ಲೇ ಬೆಳೆದ ಸಾವಿರಾರು ಜನ ಆ ಊರಲ್ಲಿದ್ದರು. ಜೈಲು ಕಂಡವರು, ಅಪ್ಪನ ಏಟು ತಿಂದವರು, ಪೊಲೀಸರ ಲಾಠಿ ತಿಂದವರು. ಅವರಲ್ಲಿ ಇಪ್ಪತ್ತು ಮಂದಿಯಾದರೂ ಹೋಗಿ ಒಂದು ಕೂಗು ಹಾಕಿದ್ದರೆ ಆ ಭಾಷಣ ಹೊರಬರುತ್ತಿತ್ತು. ಶಿಕ್ಷೆ ಅನುಭವಿಸಿ ಬಂದವನು, ರಿಂಗಿನೊಳಗೆ ಒಂದು ಮೋಸವನ್ನೂ ಮಾಡದೆ ಪಟ್ಟ ಗೆದ್ದವನು, ಬದಲಾಗುತ್ತೇನೆ ಎಂದು ಹೇಳಲು ಬಾಯಿ ತೆರೆದಾಗ ಕೇಳಲು ಜನವೇ ಇರಲಿಲ್ಲ. ಲಿಸ್ಟನ್ ಕುರಿತ ಒಗಟು ಎಂದರೆ ಎಲ್ಲರೂ 1965ರಲ್ಲಿ ಮುಹಮ್ಮದ್ ಅಲಿ ಎದುರು ನಡೆದ ಲೂಯಿಸ್ಟನ್ ಪಂದ್ಯದ ಮಾತೆತ್ತುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಈ ವಿಮಾನ ನಿಲ್ದಾಣ.

*

1963ರ ಜುಲೈ 22, ಲಾಸ್ ವೇಗಸ್. ಪ್ಯಾಟರ್ಸನ್ ಜೊತೆ ಮರುಪಂದ್ಯ: 2 ನಿಮಿಷ 10 ಸೆಕೆಂಡ್. ಹಿಂದಿನದಕ್ಕಿಂತ ನಾಲ್ಕು ಸೆಕೆಂಡ್ ಹೆಚ್ಚು. ಪ್ರೇಕ್ಷಕರು ಚಾಂಪಿಯನ್ನನಿಗೇ ಛೀಮಾರಿ ಹಾಕಿದರು.

ಆ ವರ್ಷ ಡೆನ್ವರಿಗೆ ಮನೆ ಬದಲಿಸಿದ. ಅಲ್ಲಿ ಎಡ್ವರ್ಡ್ ಮರ್ಫಿ ಎಂಬ ಜೆಸ್ಯೂಟ್ ಪಾದ್ರಿ ಅವನಿಗೆ ಅಕ್ಷರ ಕಲಿಸಲು, ಕುಡಿತ ಬಿಡಿಸಲು ಪ್ರಯತ್ನಪಟ್ಟರು. ಅವನ ಬದುಕಿನಲ್ಲಿ ಪಾದ್ರಿಗಳೇ ಮತ್ತೆ ಮತ್ತೆ ಬರುವುದನ್ನು ಗಮನಿಸುತ್ತೇನೆ. ತನ್ನಿಂದ ಲಾಭ ಬಯಸದೆ ಹತ್ತಿರ ಬಂದವರು ಬೇರೆ ಯಾರೂ ಹೆಚ್ಚಿರಲಿಲ್ಲ, ಹೆಂಡತಿ ಜೆರಾಲ್ಡೀನ್ ಒಬ್ಬಳನ್ನು ಬಿಟ್ಟರೆ.

ಸೆಪ್ಟೆಂಬರಿನಲ್ಲಿ ಬ್ರಿಟನ್ ಪ್ರವಾಸ. ಅಲ್ಲಿ ಜನ ಮುತ್ತಿಕೊಂಡರು, ಅವನು ನಕ್ಕ, ತಮಾಷೆ ಮಾಡಿದ. ಆಗಲೇ ಅಲಬಾಮಾದ ಬರ್ಮಿಂಗ್‌ಹ್ಯಾಮಿನ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಹೆಣ್ಣುಮಕ್ಕಳು ಸತ್ತ ಸುದ್ದಿ ಬಂತು. ಅಮೆರಿಕದವನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ ಎಂದು ಊರಿಗೆ ಮರಳಿ ಹೇಳಿದ. ಚಳವಳಿಯ ಮೆರವಣಿಗೆಗೆ ಏಕೆ ಹೋಗುವುದಿಲ್ಲ ಎಂದು ಕೇಳಿದವರಿಗೆ, ನಾಯಿ ಕಚ್ಚಿದರೂ ಹರಿಯದಂಥ ಚರ್ಮ ನನಗಿಲ್ಲ ಎಂಬರ್ಥದ ಉತ್ತರ ಕೊಟ್ಟಿದ್ದ. ಜನ ಅದನ್ನು ಒರಟುತನ ಎಂದರು. ಬರೆ ತುಂಬಿದ ಬೆನ್ನಿನವನು ಆಡಿದ ಮಾತು ಎಂದು ನೆನೆದರೆ ಅದು ಬೇರೆ ಥರ ಕೇಳಿಸುತ್ತದೆ.

ಡಿಸೆಂಬರಿನ ‘ಎಸ್ಕ್ವೈರ್’ ಪತ್ರಿಕೆಯ ಮುಖಪುಟದಲ್ಲಿ ಸಾಂತಾ ಕ್ಲಾಸ್ ಟೋಪಿ ಹಾಕಿಕೊಂಡ ಲಿಸ್ಟನ್. ಜಾರ್ಜ್ ಲೋಯಿಸ್ ರೂಪಿಸಿದ ಮುಖಪುಟ. ಓದುಗರು ಕೆರಳಿದರು, ಜಾಹೀರಾತುದಾರರು ಹಿಂದೆ ಸರಿದರು. ಕೆಂಪು ಟೋಪಿಯ ಕೆಳಗೆ ಆ ಕಣ್ಣುಗಳನ್ನು ನೋಡಿ. ಅಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿದೆ.

*

ಮೇ 25, 1965. ಮೇನ್ ರಾಜ್ಯದ ಲೂಯಿಸ್ಟನ್ ಎಂಬ ಗಿರಣಿಗಳ ಊರು. ಹಿಂದಿನ ವರ್ಷ ಲಿಸ್ಟನ್‌ನಿಂದ ಪಟ್ಟ ಗೆದ್ದಿದ್ದ ಅಲಿಯ ಜೊತೆ ಮರುಪಂದ್ಯ; ಆ ಮೊದಲ ಪಂದ್ಯದ ಮಾತು ಕೊನೆಗೆ. ಬಾಸ್ಟನ್ನಿನಲ್ಲಿ ನಡೆಯಬೇಕಿದ್ದ ಈ ಪಂದ್ಯ ಅಲಿಗೆ ಹರ್ನಿಯಾ ಆಗಿ ಮುಂದಕ್ಕೆ ಹೋಗಿ, ಕೊನೆಗೆ ಈ ಊರಿನ ಐಸ್ ಹಾಕಿ ಅಂಗಣಕ್ಕೆ ಬಂದು ಬಿತ್ತು. ಹಾಜರಿದ್ದ ಪ್ರೇಕ್ಷಕರು 2,434. ಮೂರು ತಿಂಗಳ ಹಿಂದೆ ಕರಿಯರ ಮುಂದಾಳು ಮಾಲ್ಕಮ್ ಎಕ್ಸ್ ಕೊಲೆಯಾಗಿತ್ತು. ಅಲಿಯ ಮೇಲೂ ಗುಂಡು ಹಾರುತ್ತದೆ ಎಂಬ ವದಂತಿ, ಬಾಗಿಲಲ್ಲಿ ಪೊಲೀಸರಿಂದ ಬ್ಯಾಗುಗಳ ತಪಾಸಣೆ.

ಮೊದಲ ಸುತ್ತಿನಲ್ಲೇ ಲಿಸ್ಟನ್ ಎಡಗೈ ಚಾಚಿದ, ಅದರ ಮೇಲಿಂದ ಅಲಿಯ ಗಿಡ್ಡ ಬಲಗೈ ಗುದ್ದು, ಲಿಸ್ಟನ್ ಬಿದ್ದ. ಅಲಿ ಅವನ ಮೇಲೆ ನಿಂತು ಎದ್ದೇಳು ಎಂದು ಕೂಗಿದ. ನೀಲ್ ಲೈಫರ್ ತೆಗೆದ ಆ ಚಿತ್ರ ನಮ್ಮ ಕಡೆಯ ಜಿಮ್ಮುಗಳ ಗೋಡೆಗೂ ಬಂದಿದೆ. ಅಲಿ ಮೂಲೆಗೆ ಹೋಗದ ಕಾರಣ ರೆಫರಿ ಜೋ ವಾಲ್ಕಾಟ್ ಎಣಿಕೆ ಶುರು ಮಾಡಲಿಲ್ಲ. ಲಿಸ್ಟನ್ ಏಳಲು ಹೋಗಿ ಮತ್ತೆ ಹೊರಳಿದ, ಆಮೇಲೆ ಎದ್ದ, ಇಬ್ಬರೂ ಮತ್ತೆ ಗುದ್ದಾಟಕ್ಕೆ ತೊಡಗಿದರು. ಅಷ್ಟರಲ್ಲಿ ‘ದಿ ರಿಂಗ್’ ಪತ್ರಿಕೆಯ ಸಂಪಾದಕ ನ್ಯಾಟ್ ಫ್ಲೈಷರ್ ಪಕ್ಕದಿಂದ ಕೂಗಿ, ಹತ್ತು ಸೆಕೆಂಡ್ ದಾಟಿತು ಎಂದರು. ವಾಲ್ಕಾಟ್ ಪಂದ್ಯ ನಿಲ್ಲಿಸಿದ. ಒಂದು ನಿಮಿಷ ಎಂದು ಘೋಷಿಸಿದರು. ಫಿಲ್ಮಿನ ಪ್ರಕಾರ ಎರಡು ನಿಮಿಷ ದಾಟಿತ್ತು.

ಗುದ್ದು ಬಿದ್ದದ್ದು ನಿಜ ಎಂಬುದು ನನ್ನ ಅಭಿಪ್ರಾಯ. ಫಿಲ್ಮನ್ನು ನಿಧಾನ ಮಾಡಿ ನೋಡಿದರೆ ಲಿಸ್ಟನ್‌ನ ಕತ್ತು ತಿರುಗುವುದು, ಮುಂಗಾಲು ನೆಲ ಬಿಡುವುದು ಕಾಣುತ್ತದೆ. ಆದರೆ ಅಷ್ಟು ಹೊತ್ತು ಮಲಗಿರುವಷ್ಟು ಗುದ್ದು ಅದಲ್ಲ ಎಂದೂ ಅನ್ನಿಸುತ್ತದೆ. ಲಿಸ್ಟನ್ ಒಬ್ಬರಿಗೆ ಒಂದು ಕಾರಣ, ಇನ್ನೊಬ್ಬರಿಗೆ ಇನ್ನೊಂದು ಕಾರಣ ಹೇಳಿದ. ಇಷ್ಟಕ್ಕೆ ಇದನ್ನು ಬಿಡುತ್ತೇನೆ. ಈ ಪಂದ್ಯದ ಬಗ್ಗೆ ಆಡಿದ ಮಾತು ಈಗಾಗಲೇ ಅತಿಯಾಗಿದೆ.

*

ಆಮೇಲಿನ ವರ್ಷಗಳು. 1966-67ರಲ್ಲಿ ಸ್ವೀಡನ್ನಿನಲ್ಲಿ ನಾಲ್ಕು ಪಂದ್ಯ, ನಾಲ್ಕೂ ಗೆಲುವು. ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪರ್’ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಅವನ ಮೇಣದ ಗೊಂಬೆ. 1969ರ ಡಿಸೆಂಬರಿನಲ್ಲಿ ಲಿಯೋಟಿಸ್ ಮಾರ್ಟಿನ್ ಒಂಬತ್ತನೆಯ ಸುತ್ತಿನಲ್ಲಿ ಅವನನ್ನು ಮಲಗಿಸಿದ. ಆದರೆ ಅದೇ ಪಂದ್ಯದಲ್ಲಿ ತಿಂದ ಏಟಿಗೆ ಮಾರ್ಟಿನ್‌ನ ಕಣ್ಣಿನ ಅಕ್ಷಿಪಟಲ ಕಳಚಿ, ಗೆದ್ದವನು ಮತ್ತೆಂದೂ ರಿಂಗಿಗೆ ಇಳಿಯಲಿಲ್ಲ. 1970ರ ಜೂನ್ 29, ಕೊನೆಯ ಪಂದ್ಯ, ಎದುರಾಳಿ ಚಕ್ ವೆಪ್ನರ್. ಅವನ ಮುಖಕ್ಕೆ ಎಪ್ಪತ್ತರಷ್ಟು ಹೊಲಿಗೆ ಬಿತ್ತು. ಲಿಸ್ಟನ್‌ನ ದಾಖಲೆಯ ವಯಸ್ಸು ಆಗ 38.

ಆ ದಿನಗಳಲ್ಲಿ ಅವನ ಜೊತೆ ಅಭ್ಯಾಸಕ್ಕೆ ನಿಲ್ಲುತ್ತಿದ್ದ ಹುಡುಗ ಜಾರ್ಜ್ ಫೋರ್‌ಮನ್, 1968ರ ಒಲಿಂಪಿಕ್ ಚಿನ್ನ ಗೆದ್ದವನು. ಲಿಸ್ಟನ್‌ನ ಬಿರುನೋಟ, ಮೌನ, ಜ್ಯಾಬ್ ಎಲ್ಲವನ್ನೂ ಅವನಿಂದಲೇ ಕಲಿತು 1973ರಲ್ಲಿ ಚಾಂಪಿಯನ್ ಆದ. ಅವನನ್ನೂ ಜನ ಹಾಗೇ ದೂರವಿಟ್ಟರು. 1974ರಲ್ಲಿ ಅಲಿಗೆ ಸೋತು, 1977ರಲ್ಲಿ ಆಟ ಬಿಟ್ಟು, ಪಾದ್ರಿಯಾಗಿ, ಹತ್ತು ವರ್ಷದ ಮೇಲೆ ನಗುಮುಖದವನಾಗಿ ಮರಳಿ ಬಂದು, 1994ರಲ್ಲಿ ತನ್ನ 45ನೆಯ ವಯಸ್ಸಿನಲ್ಲಿ ಮತ್ತೆ ಪಟ್ಟ ಗೆದ್ದ. ದೇಶವೆಲ್ಲ ಅವನನ್ನು ಮನೆಯವನಂತೆ ಪ್ರೀತಿಸಿತು. ಗುರುವಿನ ಬಗ್ಗೆ ಫೋರ್‌ಮನ್ ಕೊನೆಯವರೆಗೂ ಗೌರವದಿಂದಲೇ ಮಾತಾಡಿದ. ಅವನಿಗೆ ಸಿಕ್ಕ ಆ ಇಪ್ಪತ್ತು ವರ್ಷ ಲಿಸ್ಟನ್‌ಗೆ ಸಿಗಲಿಲ್ಲ.

*

1971ರ ಜನವರಿ 5. ಹಬ್ಬಕ್ಕೆ ಊರಿಗೆ ಹೋಗಿದ್ದ ಜೆರಾಲ್ಡೀನ್ ಲಾಸ್ ವೇಗಸ್ಸಿನ ಮನೆಗೆ ಮರಳಿದಾಗ ಗಂಡ ಸತ್ತು ದಿನಗಳಾಗಿದ್ದವು. ಬಾಗಿಲಲ್ಲಿ ಬಿದ್ದಿದ್ದ ಪೇಪರು, ಹಾಲಿನ ಬಾಟಲಿಗಳನ್ನು ಲೆಕ್ಕ ಹಾಕಿ ಪೊಲೀಸರು ಸಾವಿನ ದಿನ ಡಿಸೆಂಬರ್ 30 ಎಂದು ಬರೆದುಕೊಂಡರು. ಮನೆಯಲ್ಲಿ ಹೆರಾಯಿನ್ ಸಿಕ್ಕಿತು. ಸಹಜ ಸಾವು, ಶ್ವಾಸಕೋಶದ ತೊಂದರೆ ಎಂದು ಅಧಿಕೃತ ವರದಿ. ಇಂಜೆಕ್ಷನ್ ಸೂಜಿ ಕಂಡರೆ ಅವನು ಬೆದರುತ್ತಿದ್ದ ಎಂದು ಹತ್ತಿರದವರು ಕೊನೆಯವರೆಗೂ ಹೇಳಿದರು. ಕೊಲೆ ಎಂಬ ಕಥೆಗಳು ಆಗಲೇ ಹುಟ್ಟಿದವು, ಇಂದಿಗೂ ನಿಂತಿಲ್ಲ. ಸಾಕ್ಷಿಯಿಲ್ಲದ ಅವನ್ನು ಇಲ್ಲಿ ಸೇರಿಸಲಾರೆ.

*

ಕೊನೆಗೆ ಉಳಿಸಿಕೊಂಡದ್ದು ಮಯಾಮಿ ಬೀಚ್, 1964ರ ಫೆಬ್ರವರಿ 25. ಎದುರಾಳಿ ಅಲಿ, ಆಗ ಇನ್ನೂ ಕ್ಯಾಷಿಯಸ್ ಕ್ಲೇ ಎಂಬ ಹೆಸರಿನಲ್ಲಿದ್ದ 22ರ ಹುಡುಗ. ಪಣ ಕಟ್ಟುವವರ ಲೆಕ್ಕದಲ್ಲಿ ಲಿಸ್ಟನ್ ಪರ ಏಳಕ್ಕೆ ಒಂದು. ಎರಡು ಸುತ್ತಿನಲ್ಲಿ ಮುಗಿಸುತ್ತೇನೆಂದು ಲಿಸ್ಟನ್ ಅಭ್ಯಾಸವನ್ನೂ ಸರಿಯಾಗಿ ಮಾಡಿರಲಿಲ್ಲ.

ಮೊದಲ ಸುತ್ತಿನಿಂದಲೇ ಅವನ ಜ್ಯಾಬ್ ಗಾಳಿಗೆ ಹೋಯಿತು. ಕ್ಲೇ ತಲೆಯನ್ನು ಕೂದಲೆಳೆಯಷ್ಟು ಹಿಂದೆಳೆದುಕೊಂಡು ತಪ್ಪಿಸುತ್ತಿದ್ದ. ಬಾಕ್ಸಿಂಗ್ ಆಡಿದವರನ್ನು ಕೇಳಿದರೆ ಗೊತ್ತಾಗುತ್ತದೆ, ತಾಕಿದ ಗುದ್ದಿಗಿಂತ ತಪ್ಪಿದ ಗುದ್ದು ಭುಜಕ್ಕೆ ಹೆಚ್ಚು ಕಷ್ಟ. ಪೂರ್ತಿ ಬಲದಿಂದ ಬೀಸಿದ ತೋಳನ್ನು ತಡೆಯಲು ಎದುರು ಏನೂ ಇರುವುದಿಲ್ಲ, ಎಳೆತವೆಲ್ಲ ಕೀಲಿಗೆ ಬೀಳುತ್ತದೆ. ಮೂರನೆಯ ಸುತ್ತಿನಲ್ಲಿ ಲಿಸ್ಟನ್‌ನ ಎಡಗಣ್ಣಿನ ಕೆಳಗೆ ಚರ್ಮ ಸೀಳಿತು. ನಾಲ್ಕನೆಯದರ ಕೊನೆಗೆ ಕ್ಲೇಯ ಕಣ್ಣಿಗೆ ಏನೋ ತಗುಲಿ ಉರಿ ಹತ್ತಿತು, ಐದನೆಯ ಸುತ್ತನ್ನು ಅರೆಗುರುಡನಂತೆ ಓಡಾಡಿಯೇ ಕಳೆದ. ಆರನೆಯದರಲ್ಲಿ ಕಣ್ಣು ತಿಳಿಯಾಯಿತು, ಮನಸ್ಸಿಗೆ ಬಂದಂತೆ ಹೊಡೆದ. ಏಳನೆಯ ಸುತ್ತಿಗೆ ಗಂಟೆ ಬಾರಿಸಿದಾಗ ಲಿಸ್ಟನ್ ಸ್ಟೂಲಿನಿಂದ ಏಳಲಿಲ್ಲ. 1919ರಲ್ಲಿ ಡೆಂಪ್ಸಿಯ ಎದುರು ಜೆಸ್ ವಿಲ್ಲರ್ಡ್ ಕೂತಲ್ಲೇ ಕೈಬಿಟ್ಟ ಮೇಲೆ ಯಾವ ಹೆವಿವೇಟ್ ಚಾಂಪಿಯನ್ನನೂ ಹಾಗೆ ಪಟ್ಟ ಬಿಟ್ಟುಕೊಟ್ಟಿರಲಿಲ್ಲ.

ಎಡ ಭುಜ ಹೋಯಿತು ಎಂದ. ಯಾರೂ ನಂಬಲಿಲ್ಲ. ಅವನ ಪಾಲಿನ ಹಣವನ್ನು ತಡೆಹಿಡಿದರು. ಆಸ್ಪತ್ರೆಯಲ್ಲಿ ವೈದ್ಯರ ತಂಡ ಪರೀಕ್ಷಿಸಿ, ಎಡ ತೋಳಿನ ಬೈಸೆಪ್ಸ್ ಸ್ನಾಯುವಿನ ಕಟ್ಟು ಹರಿದಿದೆ ಎಂದು ಬರೆದುಕೊಟ್ಟಿತು. ಹಣ ಬಿಡುಗಡೆಯಾಯಿತು. ಆಮೇಲೂ ಜನ ನಂಬಲಿಲ್ಲ; ಪಂದ್ಯ ಮಾರಿಕೊಂಡ ಎಂದರು, ಇಂದಿಗೂ ಅನ್ನುತ್ತಾರೆ. ನಾನು ವೈದ್ಯರ ಮಾತನ್ನು ನಂಬುತ್ತೇನೆ. ಪಂದ್ಯ ಮಾರಿಕೊಳ್ಳುವವನು ಐದನೆಯ ಸುತ್ತಿನಲ್ಲಿ ಕಣ್ಣು ಕಾಣದವನ ಮೇಲೆ ಅಷ್ಟು ಗುದ್ದು ಎಸೆಯುವುದಿಲ್ಲ.

ಆದರೂ ಮಾರ್ಟಿ ಮಾರ್ಷಲ್ ಪಂದ್ಯ ನನ್ನನ್ನು ಬಿಡುವುದಿಲ್ಲ. ಡೆಟ್ರಾಯಿಟಿನಲ್ಲಿ ಮುರಿದ ದವಡೆ ಹೊತ್ತು ಗಂಟೆ ಹೊಡೆದಾಗಲೆಲ್ಲ ಎದ್ದು ಹೋದ ಹುಡುಗನಿಗೆ ಹೆಸರಿರಲಿಲ್ಲ, ಹಣವಿರಲಿಲ್ಲ, ಕಳೆದುಕೊಳ್ಳಲು ಪಟ್ಟವೂ ಇರಲಿಲ್ಲ. ಮುಂದೆ ಗೆದ್ದರೆ ಏನೋ ಒಂದು ಸಿಗುತ್ತದೆ ಎಂಬ ನಂಬಿಕೆ ಮಾತ್ರ ಇತ್ತು. ಹತ್ತು ವರ್ಷದ ಮೇಲೆ ಜಗತ್ತಿನಲ್ಲೇ ದೊಡ್ಡದೆನ್ನುವ ಪಟ್ಟ ಸೊಂಟದಲ್ಲಿತ್ತು, ಎದ್ದು ನಿಂತರೆ ಉಳಿಯುತ್ತಿತ್ತೇನೋ. ಆದರೆ ಆ ಪಟ್ಟ ತನಗೆ ಏನು ತಂದುಕೊಡುತ್ತದೆ ಎಂಬುದನ್ನು ಅವನು ಫಿಲಡೆಲ್ಫಿಯಾದಲ್ಲಿ ವಿಮಾನದ ಮೆಟ್ಟಿಲ ಮೇಲೆ ನಿಂತೇ ನೋಡಿಬಿಟ್ಟಿದ್ದ. ಭುಜದ ಜೊತೆಗೆ ಇನ್ನೇನು ಹರಿದಿತ್ತು ಎಂದು ವೈದ್ಯರು ಬರೆಯುವ ಹಾಗಿರಲಿಲ್ಲ.

ಆ ರಾತ್ರಿಯ ಅಂಕಪಟ್ಟಿಗಳನ್ನು ಇನ್ನೊಮ್ಮೆ ನೋಡಿದೆ. ಆರು ಸುತ್ತಿನ ಕೊನೆಗೆ ಒಬ್ಬರದು ಕ್ಲೇ ಪರ 58-56, ಒಬ್ಬರದು ಲಿಸ್ಟನ್ ಪರ 58-56, ಮೂರನೆಯವರದು 57-57. ಇಬ್ಬರೂ ಸರಿಸಮ. ಹದಿನೈದು ಸುತ್ತಿನ ಪಂದ್ಯದಲ್ಲಿ ಇನ್ನೂ ಒಂಬತ್ತು ಸುತ್ತು ಬಾಕಿ ಇದ್ದವು.